ಕೂತರೆ ಹೋಗುವ ನೋವು

ಆಗ ನನಗೆ ಅರವತ್ತೊಂದು ವರ್ಷ. ಅದಾಗಿ ಏಳು ವರ್ಷವಾಯಿತು. ನನ್ನ ನೆಗೆಣ್ಣಿಗೆ, ಅಂದರೆ ನನ್ನ ಮೈದುನನ ಹೆಂಡತಿಗೆ, ಹೃದಯಕ್ಕೆ ರಕ್ತ ಹೋಗುವ ನಾಳಗಳು ಕಟ್ಟಿಕೊಳ್ಳುತ್ತಿದ್ದವು. ನಾನು ಅದನ್ನು ರೊಟ್ಟಿ ಬಡಿದು ಬಂದ ತೋಳುನೋವು ಅಂದುಕೊಂಡು ಐದು ತಿಂಗಳು ಎಣ್ಣೆ ಹಚ್ಚಿ ತಿಕ್ಕಿದೆ. ಓಣಿಯಲ್ಲಿ ಇದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನ್ನ ಎದುರಿಗೆ, ನಿನ್ನ ತಪ್ಪೇನಿಲ್ಲ ಅನ್ನುತ್ತಾರೆ. ಹೇಗಾಯಿತು ಅನ್ನುವುದು ನನಗೆ ಗೊತ್ತಿದೆ. ಹಾಗೇ ಹೇಳುತ್ತೇನೆ.

ನಮ್ಮ ಮನೆ ಗೋಕುಲ ರಸ್ತೆಯಿಂದ ಒಳಗೆ, ಗ್ಯಾರೇಜುಗಳ ಹಿಂದಿನ ಓಣಿಯಲ್ಲಿ. ನಮ್ಮ ಗಂಡಂದಿರು, ಅಣ್ಣ ತಮ್ಮ ಇಬ್ಬರೂ, ಎರಡು ವರ್ಷದ ಅಂತರದಲ್ಲಿ ತೀರಿಕೊಂಡರು. ನನಗೆ ಮಕ್ಕಳಿಲ್ಲ. ಅವಳಿಗೆ ಒಬ್ಬ ಮಗ, ತಾರಿಹಾಳದಲ್ಲಿ ಲೇಥ್ ಮಷೀನು ನಡೆಸುತ್ತಾನೆ. ಮೂವರೂ ಒಂದೇ ಮನೆಯಲ್ಲಿದ್ದೆವು. ಅವಳೂ ನಾನೂ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆವು. ಬೆಳಿಗ್ಗೆ ಐದಕ್ಕೆ ಎಸರಿಟ್ಟರೆ, ಹನ್ನೊಂದಕ್ಕೆ ಖಾನಾವಳಿಯವನು ಸ್ಕೂಟರಿನ ಮೇಲೆ ಬಂದು ಬುಟ್ಟಿ ಒಯ್ಯುವ ತನಕ ಕೈ ನಿಲ್ಲುತ್ತಿರಲಿಲ್ಲ.

ಅವಳು ಎಡಚಿ. ಎಲ್ಲ ಕೆಲಸವೂ ಎಡಗೈಯಲ್ಲಿ, ರೊಟ್ಟಿ ಬಡಿಯುವುದೂ ಎಡಗೈಯಲ್ಲಿ. ಮದುವೆಯಾಗಿ ಸುಳ್ಳ ಅನ್ನುವ ಹಳ್ಳಿಯಿಂದ ಬಂದ ಮೊದಲ ವಾರವೇ ಅತ್ತೆ ಅದನ್ನು ನೋಡಿ ಗದರಿದಳು.

"ಎಡಗೈಲೆ ಬಡದ ರೊಟ್ಟಿ ನಮ್ಮನ್ಯಾಗ ಯಾರೂ ತಿನ್ನೂದಿಲ್ಲ. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ?"

ಅವಳು ಕೈ ನಿಲ್ಲಿಸದೆ ಕೇಳಿದಳು, "ಪೂಜಿ ಮಾಡೂಮುಂದ ಲಿಂಗಾ ಯಾವ ಕೈಯಾಗ ಇಟ್ಕೋತೀರಿ ಅತ್ತಿ?"

"ಎಡಗೈಯಾಗ."

"ದೇವರು ಕುಂದ್ರೂ ಕೈಯಾಗ ರೊಟ್ಟಿ ಕುಂದ್ರಬಾರದೇನ್ರಿ?"

ಅತ್ತೆ ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಅವಳ ರೊಟ್ಟಿ ತಿಂದಳು, ತೆಳ್ಳಗಾಗಿದೆ ಅಂತಲೂ ಅಂದಳು. ಆದರೆ ದೇವರ ಎಡೆಗೆ ಮಾತ್ರ ಕೊನೆಯ ತನಕ ನನ್ನ ರೊಟ್ಟಿಯೇ. ಅತ್ತೆ ಸತ್ತ ಮೇಲೂ ನಾವು ಅದನ್ನು ಹಾಗೇ ನಡೆಸಿದೆವು. ಬದಲಾಯಿಸಬೇಕು ಅಂತ ಇಬ್ಬರಿಗೂ ಅನ್ನಿಸಲಿಲ್ಲ.

ಅವಳು ಎಡಚಿಯಾದದ್ದರಿಂದ ನನಗೆ ಅನುಕೂಲವೇ ಆಗಿತ್ತು. ಒಂದೇ ಒಲೆಯ ಮುಂದೆ ನಾನು ಬಲಕ್ಕೆ, ಅವಳು ಎಡಕ್ಕೆ ಕೂತರೆ ಬಡಿಯುವ ಕೈ ಎರಡೂ ಹೊರಗಡೆ ಆಗುತ್ತಿದ್ದವು. ಮೊಳಕೈಗೆ ಮೊಳಕೈ ತಾಗುತ್ತಿರಲಿಲ್ಲ. ನಡುವೆ ಒಂದು ಹಂಚು, ಒಂದು ನೀರಿನ ಬಟ್ಟಲು. ಅವಳು ಬಡಿದದ್ದನ್ನು ನಾನು ತಿರುವಿ ಹಾಕುತ್ತಿದ್ದೆ, ನಾನು ಬಡಿದದ್ದನ್ನು ಅವಳು. ಬೇರೆ ಯಾವಳ ಜೊತೆ ಕೂತರೂ ಹತ್ತು ರೊಟ್ಟಿಗೆ ಒಂದು ಜಗಳ.

ರೊಟ್ಟಿ ಬಡಿಯುವವರಿಗೆ ತೋಳು ನೋಯುತ್ತದೆ. ನಮ್ಮ ಓಣಿಯಲ್ಲಿ ಏಳೆಂಟು ಮನೆಗಳಲ್ಲಿ ರೊಟ್ಟಿಯ ಕೆಲಸವಿದೆ, ಎಲ್ಲರಿಗೂ ಭುಜ ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಆಗ ಅವರು ನನ್ನ ಹತ್ತಿರ ಬರುತ್ತಿದ್ದರು. ಔಡಲೆಣ್ಣೆ ಬಿಸಿ ಮಾಡಿ ಭುಜದಿಂದ ಬೆರಳ ತುದಿಯ ತನಕ ನರ ಹಿಡಿದು ಇಳಿಸುವುದು ನನಗೆ ನನ್ನ ಅವ್ವನಿಂದ ಬಂದದ್ದು. ನನ್ನ ಕೈಗುಣ ಛಲೋ ಅಂತ ಹೆಸರಾಗಿತ್ತು. ನವನಗರದಿಂದಲೂ ಒಬ್ಬಳು ಬಸ್ಸು ಹತ್ತಿ ಬರುತ್ತಿದ್ದಳು. ಹೆಸರು ಯಾರಿಗೆ ಬೇಡ? ನನಗೂ ಬೇಕಾಗಿತ್ತು.

ಮೊದಲ ಸಲ ನೋವು ಬಂದದ್ದು ಶ್ರಾವಣ ಮುಗಿಯುವ ಹೊತ್ತಿಗೆ. ನಾವಿಬ್ಬರೂ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದೆವು. ಓಣಿಯ ಏರಿನಲ್ಲಿ ಅವಳು ಹಿಟ್ಟಿನ ಡಬ್ಬಿ ಇಳಿಸಿ, ಗ್ಯಾರೇಜಿನ ಗೋಡೆಗೆ ಕೈಕೊಟ್ಟು ನಿಂತಳು. ಎಡತೋಳು ಹಿಡಿದುಕೊಂಡಿದ್ದಳು. ಗ್ಯಾರೇಜಿನ ಮಿಸ್ತ್ರಿ ನಮ್ಮ ಮನೆಯ ಪಕ್ಕದವನೇ, ಮುಸಲ್ಮಾನರವನು, ನಮಗೆ ಇನ್ನೂ ಹುಡುಗನೇ, ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ಒಂದು ಆಟೋದ ಕೆಳಗೆ ಮಲಗಿದ್ದವನು ತಲೆ ಹೊರಗೆ ಹಾಕಿ ನೋಡಿದ.

"ಏನ್ ಅವ್ವಾರ, ಏರಿನ್ಯಾಗ ಬಂದ್ ಬಿದ್ದತೇನ್ ಗಾಡಿ? ಪೆಟ್ರೋಲ್ ಪೈಪಿನ್ಯಾಗ ಕಸಾ ಕುಂತಿರ್ಬೇಕ್ ನೋಡ್ರಿ."

"ನಿನ್ನ ಗ್ಯಾರೇಜಿನ್ಯಾಗ ನಿಂತಾವಲ್ಲ, ಅವಕ್ಕಿಂತ ಛಲೋ ಓಡ್ತೈತಿ ನನ್ನ ಗಾಡಿ. ನಿನ್ನ ಕೆಲಸಾ ನೀ ನೋಡು," ಅಂದಳು ಅವಳು.

ಚೇಷ್ಟೆಗೆ ಅಂದ ಮಾತು. ಐದು ತಿಂಗಳಲ್ಲಿ ಮೊದಲು ಸರಿಯಾಗಿ ಹೇಳಿದವನು ಅವನೇ, ಅದೂ ಗೊತ್ತಿಲ್ಲದೆ.

ಮನೆಗೆ ಬಂದು ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದೆ. ಎಣ್ಣೆ ಬಿಸಿ ಮಾಡಿದೆ. ಅದು ಬಿಸಿಯಾಗುವುದರಲ್ಲೇ ಅವಳ ಮುಖ ತಿಳಿಯಾಗಿತ್ತು. ತಿಕ್ಕಲು ಶುರು ಮಾಡಿ ಮೊಳಕೈಗೆ ಬರುವುದರಲ್ಲಿ, "ಹೋತು ನೋಡಕ್ಕಾ. ನಿನ್ನ ಕೈ ಮುಟ್ಟಿದ್ದ ತಡಾ," ಅಂದಳು.

ಮತ್ತೆ ಎರಡು ದಿನಕ್ಕೆ ಬಂತು. ಮತ್ತೆ ಕೂಡಿಸಿ ತಿಕ್ಕಿದೆ, ಮತ್ತೆ ಹೋಯಿತು. ಪ್ರತಿ ಸಲವೂ ಹೀಗೇ. ಯಾವ ನೋವಾದರೂ ತಿಕ್ಕಿದರೆ ಇಷ್ಟು ಲಗೂ ಹೋಗುವುದಿಲ್ಲ. ಬೇರೆಯವರಿಗೆ ನಾಲ್ಕು ದಿನ ತಿಕ್ಕಿದರೂ ಅರ್ಧ ಉಳಿಯುತ್ತದೆ. ಇವಳಿಗೆ ಮಾತ್ರ ಐದು ನಿಮಿಷ. ಆಗಲೇ ನನಗೆ ತಿಳಿಯಬೇಕಾಗಿತ್ತು. ನಾನು ತಿಳಿದದ್ದು ನನ್ನ ಕೈ ಇನ್ನೂ ಪಳಗಿದೆ ಅಂತ. ಅವಳು ಗಿರಣಿಯಲ್ಲಿ, ಕಟ್ಟೆಯ ಮೇಲೆ, ಎಲ್ಲ ಕಡೆ ಅದನ್ನೇ ಹೇಳಿಕೊಂಡು ಬಂದಳು. ಆ ವರ್ಷ ನನ್ನ ಹತ್ತಿರ ತಿಕ್ಕಿಸಿಕೊಳ್ಳಲು ಬಂದಷ್ಟು ಜನ ಯಾವತ್ತೂ ಬಂದಿರಲಿಲ್ಲ.

ದಸರೆಯ ಹೊತ್ತಿಗೆ ಬರಿಗೈಯಲ್ಲಿ ಏರು ಹತ್ತಿದರೂ ನೋವು ಬರತೊಡಗಿತು. ದೀಪಾವಳಿಗೆ ಅದು ದವಡೆಗೂ ಬಂತು. ಹಲ್ಲು ಅಂದುಕೊಂಡೆವು. ಹಲ್ಲಿನ ಡಾಕ್ಟರು ಬಾಯಿ ನೋಡಿ, "ಇದರಾಗ ಹುಳುಕು ಏನೂ ಕಾಣ್ಸೂದಿಲ್ರಿ," ಅಂದರು. "ನೋವು ನನಗೈತ್ರಿ, ನಿಮಗಲ್ಲ. ಕೀಳ್ರಿ," ಅಂದಳು ಇವಳು. ಗಟ್ಟಿ ಹಲ್ಲು, ಕೀಳುವಾಗ ಡಾಕ್ಟರೇ ಬೆವರಿದರು. ಮರುದಿನ ಏರಿನಲ್ಲಿ ದವಡೆ ಮತ್ತೆ ನೋಯಿತು. ಒಂದು ಒಳ್ಳೆಯ ಹಲ್ಲು ಹೋದದ್ದೇ ಬಂತು. ಅವಳಿಗೆ ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಗುಳಿಗೆ ನೆನಪಾದರೆ ನುಂಗುವಳು, ಇಲ್ಲದಿದ್ದರೆ ಇಲ್ಲ.

ಒಂದು ಭಾನುವಾರ ಅವಳ ಮಗ ನೀರು ಕಾಯಿಸಿ ಸ್ನಾನ ಮಾಡಿ ಬಂದವನು ಅಂಗಿ ಹಾಕಿಕೊಳ್ಳುತ್ತ ಅಂದ, "ಅವ್ವಾ, ನಡಿ, ಇವತ್ತ ನನಗ ಸೂಟಿ ಐತಿ. ಇಸಿಜಿ ತಗಸೂಣು. ನಮ್ಮ ಫ್ಯಾಕ್ಟರಿ ಸಾಹುಕಾರಗೂ ಹಿಂಗ ಎಡಗೈ ನೋಯ್ತಿತ್ತಂತ."

ಅವಳು ನನ್ನ ಮುಖ ನೋಡಿದಳು. ಮನೆಯಲ್ಲಿ ಯಾವುದಕ್ಕಾದರೂ ನನ್ನ ಮುಖ ನೋಡುವುದು ಅವಳ ರೂಢಿ.

ನಾನು ಅಂದೆ, "ನಿಮ್ಮ ಸಾಹುಕಾರ ಎಡಗೈಲೆ ಏನ್ ಮಾಡ್ತಿದ್ದ? ಖುರ್ಚಿ ಮ್ಯಾಲ ಕುಂತು ಬಾಜೂಕ ಇಟ್ಕೊಂಡಿದ್ದ. ನಿಮ್ಮವ್ವ ಅದೇ ಕೈಲೆ ದಿನಾ ರೊಟ್ಟಿ ಬಡೀತಾಳ. ಬಡಿಯೂ ಕೈ ನೋಯದ, ಸುಮ್ನ ಇದ್ದ ಕೈ ನೋಯ್ತೈತೇನ?"

"ದೊಡ್ಡವ್ವಾ, ಒಂದ್ ತಾಸಿನ ಕೆಲಸ."

"ಸಂಕ್ರಮಣ ಮುಗೀಲಿ. ಭೋಗಿ ರೊಟ್ಟಿ ಆರ್ಡರ್ ತಲಿ ಮ್ಯಾಲ ಐತಿ."

ಅವಳು ನಕ್ಕಳು. "ಇಕಿ ಇರೂತನಕ ನನಗ ಯಾವ ದವಾಖಾನಿ ಬೇಕಲೇ?" ಅಂದಳು.

ಅವನು ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ಹೋದ. ಅವಳು ಬಲಗೈಯವಳಾಗಿದ್ದರೆ, ಸುಮ್ಮನಿರುವ ಎಡತೋಳು ಯಾಕೆ ನೋಯುತ್ತದೆ ಅಂತ ನನಗೂ ಅನುಮಾನ ಬರುತ್ತಿತ್ತು. ಎಡಚಿಯಾಗಿದ್ದಳು, ಬರಲಿಲ್ಲ.

ಭೋಗಿಗೆ ನಮ್ಮ ಕಡೆ ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುತ್ತಾರೆ. ಈಗ ಮನೆಯಲ್ಲಿ ಬಡಿಯುವವರು ಕಡಿಮೆ, ಎಲ್ಲ ನಮ್ಮಂಥವರ ಮೇಲೆ. ಅದರ ಹಿಂದಿನ ದಿನ ನಾಲ್ಕಕ್ಕೇ ಎದ್ದೆವು. ಐದು ಗಂಟೆಗೆ ಅವಳು ಒಂದು ರೊಟ್ಟಿಯನ್ನು ಅರ್ಧ ಬಡಿದು ಕೈ ನಿಲ್ಲಿಸಿದಳು. ನೋಡಿದರೆ ಆ ಚಳಿಯಲ್ಲಿ ಹಣೆಯಿಂದ ಬೆವರು ಹಿಟ್ಟಿನ ಮೇಲೆ ಬೀಳುತ್ತಿತ್ತು.

"ಬಂತೇನ?"

"ಬಂತು. ಈ ಸಲ ಎದಿ ಮ್ಯಾಲ ಹಿಟ್ಟಿನ ಚೀಲಾ ಇಟ್ಟಂಗಾಗೇತಿ ಅಕ್ಕಾ."

ಕೂಡಿಸಿದೆ. ತಿಕ್ಕಿದೆ. ಹೋಗಲಿಲ್ಲ. ಅದೇ ಮೊದಲ ಸಲ ಹೋಗದೆ ಇದ್ದದ್ದು. ನನಗೆ ಹೆದರಿಕೆಯಾಗುವ ಬದಲು ಸಿಟ್ಟು ಬಂತು. ಎಣ್ಣೆ ಇನ್ನಷ್ಟು ಬಿಸಿ ಮಾಡಿ ಇನ್ನೂ ಜೋರಾಗಿ ತಿಕ್ಕಿದೆ. ಆಮೇಲೆ ಬಟ್ಟಿ, ಅಂದರೆ ಹೊಕ್ಕುಳ ನರ, ಸರಿದಿರಬೇಕು ಅಂತ ಹೊಟ್ಟೆಯ ಮೇಲೆ ದೀಪ ಹಚ್ಚಿಟ್ಟು, ಅದರ ಮೇಲೆ ತಂಬಿಗೆ ಡಬ್ಬು ಹಾಕಿ ಎಳೆದೆ. ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ವಾಂತಿಯಾಯಿತಲ್ಲ, ಪಿತ್ತ, ಇನ್ನು ಇಳಿಯುತ್ತದೆ ಅಂದೆ. ಏಳು ಗಂಟೆಯ ಹೊತ್ತಿಗೆ, "ಈಗ ಅಷ್ಟಿಲ್ಲ," ಅಂದಳು. ಹಿಟ್ಟಿನ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದಳು. ಮಗ ಮೊದಲ ಪಾಳಿಗೆ ಆರಕ್ಕೇ ಹೋಗುವವನು, ಬಾಗಿಲಲ್ಲಿ ಒಂದು ಸಲ ನಿಂತು ಕೇಳಿದ್ದ. ಪಿತ್ತ ಆಗೇತಿ, ನೀ ಹೋಗು ಅಂತ ಕಳಿಸಿದ್ದೆ.

ಆಮೇಲೆ ನಾನು ಅವಳ ಪಾಲಿನ ರೊಟ್ಟಿಯನ್ನೂ ಬಡಿದೆ. ಅವಳು ಅಲ್ಲೇ ಕೂತಿದ್ದಳು. ನಡುನಡುವೆ ಕಣ್ಣು ತೆರೆದು, "ಎಳ್ಳು ದಟ್ಟ ಬೀಳಾಕತ್ತೈತಿ ನೋಡು," ಅನ್ನುವಳು. ಹನ್ನೊಂದಕ್ಕೆ ಖಾನಾವಳಿಯವನು ಬಂದ, ಬುಟ್ಟಿ ಒಯ್ದ. ಅವಳು ಊಟ ಮಾಡಲಿಲ್ಲ. ಮೂರು ಗಂಟೆಗೆ ಉಸಿರಾಟದ ಸದ್ದು ಬೇರೆಯಾಯಿತು, ಗೊರಗೊರ ಅಂತ. ನಾನು ಮತ್ತೆ ಎಣ್ಣೆಯ ಬಟ್ಟಲು ತರಲು ಎದ್ದೆ. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ, ಆದದ್ದು ಹಾಗೆ. ಬಟ್ಟಲಿನ ಎಣ್ಣೆ ನೆಲದ ಮೇಲೆ ಚೆಲ್ಲಿದ್ದರಿಂದ ಇನ್ನೊಂದು ಶೀಶೆ ತರಲು ಹೊರಗೆ ಬಂದಾಗ ಮಿಸ್ತ್ರಿ ಎದುರಾದ. ನನ್ನ ಮುಖ ನೋಡಿ ಒಳಗೆ ಇಣುಕಿದ.

"ತಿಕ್ಕೂದ್ ಬಿಡ್ರಿ ಅವ್ವಾರ, ಕಾಲ್ ಹಿಡೀರಿ, ಎತ್ತೂಣು," ಅಂದ.

ರಿಪೇರಿಗೆ ಬಂದಿದ್ದ ಯಾರದೋ ಆಟೋದಲ್ಲಿ ಹಾಕಿಕೊಂಡು ಹೋದ. ದಾರಿಯಲ್ಲಿ ಒಂದೇ ಮಾತು ಕೇಳಿದ, "ಎಷ್ಟ್ ಹೊತ್ತಾತ್ರಿ?" ಬೆಳಿಗ್ಗೆಯಿಂದ ಅಂದೆ. ಅವನು ಗಾಡಿ ಜೋರು ಮಾಡಿದ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ಕಾಗದ ತೆಗೆದರು. ಆಮೇಲೆ ಎಲ್ಲರೂ ಓಡಾಡಿದರು. ಮಣಿಕಟ್ಟಿನಿಂದ ತಂತಿ ಹಾಕಿ ಹೃದಯದ ನಾಳಗಳನ್ನು ನೋಡಿದರು. ಬಡವರ ರೇಷನ್ ಕಾರ್ಡು ಇತ್ತು, ಖರ್ಚು ಸರಕಾರದ್ದು, ರೊಕ್ಕದ ತೊಂದರೆ ಆಗಲಿಲ್ಲ. ಆಗಿದ್ದರೆ ತಪ್ಪನ್ನು ಅದರ ಮೇಲಾದರೂ ಹೊರಿಸಬಹುದಿತ್ತು.

ಮಗ ತಾರಿಹಾಳದಿಂದ ಬಂದ, ಕೈಗೆ ಇನ್ನೂ ಗ್ರೀಸು ಇತ್ತು. ಇಬ್ಬರನ್ನೂ ಕೂಡಿಸಿಕೊಂಡು ಡಾಕ್ಟರು ಹೇಳಿದರು. ಸಣ್ಣ ವಯಸ್ಸಿನವರು, ನಮ್ಮ ಧಾರವಾಡದ ಕಡೆಯವರೇ. ಮುಷ್ಟಿ ಹಿಡಿದು ತೋರಿಸಿದರು. ಹೃದಯ ಮೈಯಿಗೆಲ್ಲ ರಕ್ತ ಒತ್ತುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ತುಂಬಿರುವ ರಕ್ತ ಅದಕ್ಕೆ ಉಪಯೋಗವಿಲ್ಲ. ಅದಕ್ಕೂ ಬೇರೆ ರಕ್ತ ಬೇಕು, ಅದು ಬರುವುದು ಮೇಲೆ ಹಬ್ಬಿರುವ ಮೂರು ಸಣ್ಣ ನಾಳಗಳಿಂದ. ಅವಳದರಲ್ಲಿ ಒಂದು ಪೂರ್ತಿ ಮುಚ್ಚಿದೆ. ಬಿಡಿಸಲು ನೋಡಿದೆವು, ತಂತಿ ದಾಟಲಿಲ್ಲ. ಉಳಿದೆರಡು ಸಕ್ಕರೆ ಕಾಯಿಲೆಯಿಂದ ಉದ್ದಕ್ಕೂ ಸಣ್ಣಗಾಗಿವೆ, ಸ್ಟೆಂಟ್ ಹಾಕಲು ಜಾಗವಿಲ್ಲ, ಬೈಪಾಸ್ ಮಾಡಿ ಹೊಲಿಯಲೂ ಜಾಗವಿಲ್ಲ. ರಕ್ತ ಸಿಗದ ಕಡೆ ಮಾಂಸ ಸತ್ತುಹೋಗಿದೆ. ಸತ್ತದ್ದು ತಿರುಗಿ ಬರುವುದಿಲ್ಲ.

"ಎಷ್ಟ್ ಹೊತ್ತಿಗೆ ಶುರುವಾತ್ರಿ?" ಅಂತ ಕೇಳಿದರು.

"ಮುಂಜಾನಿ ಐದಕ್ಕ," ಅಂದೆ.

ಗಡಿಯಾರ ನೋಡಿದರು.

"ಇದಕ್ಕ ಮೊದ್ಲ ನಡದಾಡಿದ್ರ ನೋಯ್ತಿತ್ತೇನ್ರಿ? ಕುಂತ್ರ ಹೋಗ್ತಿತ್ತೇನು?"

"ಕುಂತ್ರ ಅಲ್ರಿ. ತಿಕ್ಕಿದ್ರ ಹೋಗ್ತಿತ್ತು."

"ತಿಕ್ಕೂಮುಂದ ಕುಂದ್ರತಿದ್ರಿಲ್ಲೋ?"

"ನಿಂತು ಯಾರ್ ತಿಕ್ಕಿಸ್ಕೋತಾರ್ರಿ?"

"ಅಷ್ಟ ನೋಡ್ರಿ. ಕುಂತಿದ್ದಕ್ಕ ಹೋಗಿದ್ದು. ಕುಂತಾಗ ಹೃದಯದ ಕೆಲಸಾ ಕಮ್ಮಿ ಆಕ್ಕೈತಿ, ಬರೂ ನಾಲ್ಕ್ ಹನಿ ರಕ್ತಾನ ಸಾಕಾಕ್ಕೈತಿ. ತಿಕ್ಕಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ. ನೀವು ಆವಾಗ ಬರಬೇಕಾಗಿತ್ರಿ. ಆವಾಗ ದಾರಿ ಇತ್ತು."

ಯಾರು ತಿಕ್ಕುತ್ತಿದ್ದರು ಅಂತ ಅವರು ಕೇಳಲಿಲ್ಲ. ನನ್ನ ಕೈಯಲ್ಲಿ ಇನ್ನೂ ಔಡಲೆಣ್ಣೆಯ ವಾಸನೆ ಇತ್ತು, ಸೆರಗಿಗೆ ಒರೆಸಿಕೊಂಡೆ. ಮಗ ನೆಲ ನೋಡುತ್ತಿದ್ದ. ಹೊರಗೆ ಬಂದ ಮೇಲೆ, "ದೊಡ್ಡವ್ವಾ, ಆವತ್ತ ನಾ ಕೇಳಿದ್ದೆ," ಅಂದ. ಹೌದು ಅಂದೆ. ಆಮೇಲೆ ಆ ಮಾತನ್ನು ಅವನು ಎಂದೂ ಎತ್ತಲಿಲ್ಲ. ಎತ್ತಿದ್ದರೆ ನಾಲ್ಕು ಮಾತು ಬೈಸಿಕೊಳ್ಳುತ್ತಿದ್ದೆ, ಮುಗಿಯುತ್ತಿತ್ತು.

ಎಂಟು ದಿನಕ್ಕೆ ಮನೆಗೆ ಕಳಿಸಿದರು. ಅದಕ್ಕೂ ಮುಂಚೆ ಡಾಕ್ಟರು ಅವಳಿಗೂ ಮುಷ್ಟಿ ಹಿಡಿದು ಅದೇ ಹೇಳಿದ್ದರು. ಅವಳು ಪೂರ್ತಿ ಕೇಳಿ, "ಅದೂ ನಮ್ಮಂಗ ಐತಿ ಅನ್ರಿ. ಊರಿಗೆಲ್ಲಾ ನೀಡಿ ಕಡೀಕ ಉಣ್ಣೂದು," ಅಂದಳು.

"ಇಲ್ರೀ ಅಮ್ಮಾ, ಅದು ಎಲ್ಲಾರಕಿಂತ ಮೊದ್ಲ ತನ್ನ ಪಾಲು ತಗೋತೈತಿ," ಅಂದರು ಅವರು.

"ಹಂಗಾರ ನಮಗಿಂತ ಶಾಣ್ಯಾ. ಅಷ್ಟ್ ಶಾಣ್ಯಾ ಇದ್ದು ಯಾಕ ಕೆಟ್ಟತು?"

ಡಾಕ್ಟರು ನಕ್ಕರು. ನಾನು ನಗಲಿಲ್ಲ. ಎಷ್ಟು ದಿನ ಅಂತ ನನ್ನ ಮುಂದೆ ಆಗಲೇ ಹೇಳಿಯಾಗಿತ್ತು. ತಿಂಗಳುಗಳು, ವರ್ಷ ಅಲ್ಲ.

ಮೂರು ತಿಂಗಳು ಬದುಕಿದಳು. ಅದನ್ನು ಬದುಕು ಅನ್ನುವುದಾದರೆ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದರೆ ಅರ್ಧ ತಾಸು ಉಸಿರು ಸಿಗುತ್ತಿರಲಿಲ್ಲ. ಕಾಲು ಬಾತುಕೊಂಡವು, ಬೆರಳಿಂದ ಒತ್ತಿದರೆ ಗುಂಡಿ ಬಿದ್ದು ಹಾಗೇ ಉಳಿಯುತ್ತಿತ್ತು. ಅಡ್ಡಾದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಹಗಲೂ ರಾತ್ರಿ ಹಿಟ್ಟಿನ ಚೀಲಕ್ಕೆ ಒರಗಿ ಕೂತೇ ಇರುತ್ತಿದ್ದಳು. ಉಪ್ಪಿಲ್ಲ. ನೀರು ಕೂಡ ಅಳತೆಯಲ್ಲಿ. ಬೇಸಿಗೆಯಲ್ಲಿ ಒಲೆಯ ಪಕ್ಕ ಕೂತು ನೀರು ಕೇಳುವಳು, ಕೊಡಬಾರದು. ನಾಲಿಗೆಯ ಕೆಳಗೆ ಇಡುವ ಸಣ್ಣ ಗುಳಿಗೆ ನನ್ನ ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮೊದಮೊದಲು ಅದರಿಂದ ನೋವು ಹೋಗುತ್ತಿತ್ತು. ಆಮೇಲೆ ಕೂತರೂ ಬರತೊಡಗಿತು, ಗುಳಿಗೆ ಇಟ್ಟರೂ ಪೂರಾ ಹೋಗುತ್ತಿರಲಿಲ್ಲ. ಇನ್ನು ಕೂಡಿಸುವುದಕ್ಕೆ ಎಲ್ಲಿ ಕೂಡಿಸುವುದು?

ನಾನು ಒಬ್ಬಳೇ ರೊಟ್ಟಿ ಬಡಿಯುತ್ತಿದ್ದೆ. ಅವಳು ಕೂತಲ್ಲಿಂದಲೇ, "ಅಂಚು ಸೀಳಾಕತ್ತಾವು, ಎಸರು ಸಾಲಾಂಗಿಲ್ಲ," ಅನ್ನುತ್ತಿದ್ದಳು. ಖರೇ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ತೋಳು ಮುಂದೆ ಮಾಡಿ, "ತಿಕ್ಕು," ಅಂದಳು.

"ತಿಕ್ಕಿದ್ರ ಉಪಯೋಗಿಲ್ಲ."

"ಮೊದ್ಲ ಹೋಗ್ತಿತ್ತಲ್ಲ?"

ತಿಕ್ಕಿದ್ದರ ಬಗ್ಗೆ ಡಾಕ್ಟರು ನಮಗೆ ಹೇಳಿದ್ದನ್ನು ಅವತ್ತಿನ ತನಕ ನಾನು ಅವಳಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. "ನನ್ನ ಕೈಯಿಂದ ಏನೂ ಹೋಗಿದ್ದಿಲ್ಲ. ನೀ ಕುಂತಿದ್ದಕ್ಕ ಹೋಗ್ತಿತ್ತು. ನಾ ತಿಕ್ಕಿ ತಿಕ್ಕಿ ಐದ್ ತಿಂಗಳು ಕಳದೆ. ಆವಾಗ ಹೋಗಿದ್ರ ಉಳೀತಿದ್ದಿ. ನಿನ್ನ ಮಗಾ ಕರದಾ, ನಾ ಬ್ಯಾಡ ಅಂದೆ."

ಬೈಯಲಿ ಅಂತಿದ್ದೆ. ಅವಳು ಮುಂದೆ ಮಾಡಿದ ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಆ ಡಾಕ್ಟರ್ ಒಂದ್ ದಿನಾರ ರೊಟ್ಟಿ ಬಡದಾನೇನು? ಅವಗೇನ್ ಗೊತ್ತು ತೋಳಿನ ನೋವು?"

"ಖರೇ ಹೇಳಾಕತ್ತೇನಿ ನಾ."

"ಎಂಟ್ ದಿನಾ ದವಾಖಾನ್ಯಾಗ ಇಟ್ಕೊಂಡ್ರು, ನಿನಗ ಮುಟ್ಟಾಕ ಬಿಡ್ಲಿಲ್ಲ. ಅಲ್ಲೇ ಕೆಟ್ಟತು ನಂದು. ತಿಕ್ಕು ಸುಮ್ನ."

ನಂಬಲಿಲ್ಲ. ನಂಬಿ ಕ್ಷಮಿಸಿದ್ದರೆ ಒಂದು ಥರ, ನಂಬಿ ಬೈದಿದ್ದರೆ ಇನ್ನೊಂದು ಥರ. ಅವಳು ನಂಬಲೇ ಇಲ್ಲ. ನಾನೇ ಐದು ತಿಂಗಳು ಅವಳಿಗೆ ನಂಬಿಕೆ ಕೊಟ್ಟವಳು, ಈಗ ಕೊಟ್ಟದ್ದನ್ನು ತಿರುಗಿ ಕೇಳಿದರೆ ಅವಳು ಕೊಡಲಿಲ್ಲ. ಎದ್ದು ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಆ ದಿನದಿಂದ ದಿನಾ ಎರಡು ಹೊತ್ತು ತಿಕ್ಕಿದೆ. ಬರೀ ಚರ್ಮದ ಮೇಲೆ ಕೈ ಆಡಿಸಿದ ಹಾಗೆ. ಒತ್ತಿದರೆ ಬಾವು ಗುಂಡಿ ಬೀಳುತ್ತಿತ್ತು. "ಎಷ್ಟ್ ಹಗುರಾತು ನೋಡು," ಅನ್ನುತ್ತಿದ್ದಳು. ಆಗಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಯುಗಾದಿ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತು, ಆ ದಿನದ ರೊಟ್ಟಿ ಆಗಿತ್ತು. ತೋಳು ಮುಂದೆ ಮಾಡಿದಳು, ತಿಕ್ಕತೊಡಗಿದೆ. ಖಾನಾವಳಿಯವನಿಗೆ ಇನ್ನು ಮುಂದೆ ಅರ್ಧ ಮಾತ್ರ ಕೊಡಲು ಆಗುತ್ತದೆ ಅಂತ ಹೇಳಬೇಕು ಅನ್ನುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳು. ಒಂದು ಹೂಂ ಬರಲಿಲ್ಲ. ನಿದ್ದೆ ಬಂದಿರಬೇಕು ಅಂತ ನಾನು ಮಾತು ನಿಲ್ಲಿಸಿದೆ, ತಿಕ್ಕುವುದು ನಿಲ್ಲಿಸಲಿಲ್ಲ. ಬೆರಳ ತನಕ ಇಳಿಸಿದೆ, ಮತ್ತೆ ಭುಜಕ್ಕೆ ಹೋದೆ. ಯಾವಾಗ ಹೋದಳೋ ನನಗೆ ಗೊತ್ತಿಲ್ಲ. ಖಾನಾವಳಿಯವನು ಬಾಗಿಲಲ್ಲಿ ಬಂದು, "ಬುಟ್ಟಿ ಎಲ್ಲೈತ್ರಿ?" ಅಂದವನು ಅವಳ ಮುಖ ನೋಡಿ ಚಪ್ಪಲಿ ಬಿಟ್ಟ. ಆಗ ನಾನೂ ನೋಡಿದೆ.

ನಮ್ಮಲ್ಲಿ ಹೂಳುತ್ತಾರೆ, ಕೂಡಿಸಿಯೇ ಹೂಳುತ್ತಾರೆ. ಮೂರು ತಿಂಗಳು ಕೂತೇ ಇದ್ದವಳು, ಕೂತೇ ಸತ್ತವಳು, ಅದಕ್ಕೆ ಹೆಚ್ಚು ತ್ರಾಸಾಗಲಿಲ್ಲ. ಸಂಜೆ ಬಿಸಿಲು ಇರುವಾಗಲೇ ಮುಗಿಸಿದರು. ಕುಣಿಯಲ್ಲಿ ಕೂಡಿಸಿ ಅಯ್ಯನವರು ಅವಳ ಎಡಗೈ ಬಿಡಿಸಿ ಅಂಗೈಯಲ್ಲಿ ಲಿಂಗ ಇಟ್ಟರು ಅಂತ ಮಗ ಬಂದು ಹೇಳಿದ. ಕೈಯೆಲ್ಲ ಎಣ್ಣೆ ಇದ್ದದ್ದರಿಂದ ಲಿಂಗ ಎರಡು ಸಲ ಜಾರಿತಂತೆ. ವಿಭೂತಿ ಹಚ್ಚಿ ಒರೆಸಿ ಮತ್ತೆ ಇಟ್ಟರಂತೆ. ಆ ಎಣ್ಣೆ ನನ್ನದು.

ಮರುದಿನ ಬೆಳಿಗ್ಗೆ ನಾನು ನಾಲ್ಕೂವರೆಗೆ ಎದ್ದೆ. ಅವಳು ಒರಗುತ್ತಿದ್ದ ಹಿಟ್ಟಿನ ಚೀಲ ಬಿಚ್ಚಿದೆ, ಬೇರೆ ಹಿಟ್ಟು ಇರಲಿಲ್ಲ. ಒಲೆ ಹಚ್ಚಿದೆ. ಬೆಳಕು ಹರಿಯುವಾಗ ಮೂರನೇ ಮನೆಯವಳು ಮಾತಾಡಿಸಲು ಬಂದಳು. ಅವಳೂ ರೊಟ್ಟಿ ಬಡಿಯುವವಳೇ, ಐವತ್ತರ ಮೇಲಾಗಿದೆ. ಸ್ವಲ್ಪ ಹೊತ್ತು ಕೂತಳು, ಒಳ್ಳೆಯವಳಿದ್ದಳು ಅಂದಳು, ಕಣ್ಣು ಒರೆಸಿಕೊಂಡಳು. ಏಳುವಾಗ ಸೆರಗು ಸರಿಸಿ ಭುಜ ತೋರಿಸಿದಳು.

"ನಿನ್ನೆಯಿಂದ ಎತ್ತಾಕ ಬರವಲ್ದವ್ವಾ. ಇವತ್ತ ಬ್ಯಾಡ, ನಾಳೆ ಬರ್ಲೇನ?"

"ನಡದಾಡಿದ್ರ ನೋಯ್ತೈತೇನ? ಕುಂತ್ರ ಹೋಗ್ತೈತೇನ?"

"ಅದೆಲ್ಲಾ ಯಾರ್ ನೋಡ್ಯಾರ? ನೋಯ್ತೈತಿ ಅಷ್ಟ."

"ದವಾಖಾನಿಗೆ ಹೋಗು. ಎದಿ ಕಾಗದಾ ತಗಸು. ಇನ್ನ ಮ್ಯಾಲ ನಾ ತಿಕ್ಕೂದಿಲ್ಲ."

ಅವಳಿಗೆ ಸಿಟ್ಟು ಬಂತು. "ಐದ್ ತಿಂಗಳು ಅಕಿಗೆ ತಿಕ್ಕಿದಿ. ನನಗೊಂದ್ ದಿನಾ ತಿಕ್ಕಾಕ ನಿನ್ನ ಕೈ ಸವೀತಾವೇನ?"

"ಅಕಿ ಸತ್ಲಲ್ಲ."

"ಅಕಿ ಹಾರ್ಟ್ ಆಗಿ ಸತ್ಲು. ನಂದು ಬರೇ ತೋಳು," ಅಂದು ಹೊರಗೆ ಹೋದಳು.

ಬಾಗಿಲಿಗೆ ಬಂದು ನೋಡಿದೆ. ಅವಳು ದೊಡ್ಡ ರಸ್ತೆಯ ಕಡೆ ತಿರುಗಲಿಲ್ಲ. ಹಿಂದಿನ ಓಣಿಗೆ ತಿರುಗಿದಳು, ಅಲ್ಲಿ ಇನ್ನೊಬ್ಬಳು ತಿಕ್ಕುವವಳಿದ್ದಾಳೆ. ಕೂಗಿ ಕರೆಯಬೇಕು ಅಂದುಕೊಂಡೆ. ಎಸರು ಕುದಿಯುತ್ತಿತ್ತು. ಒಳಗೆ ಬಂದು ಹಿಟ್ಟು ಸುರಿದೆ, ಬಲಗಡೆಯ ನನ್ನ ಜಾಗದಲ್ಲಿ ಕೂತೆ, ನಾದಿದೆ, ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿ ನಾನೇ ತಿರುವಿದೆ.